ಮಟಮಟ ಮಧ್ಯಾಹ್ನದ ಗೂಢಚಾರ

ಕಲಬುರಗಿಯ ಗಂಜ್‌ನಲ್ಲಿ, ಅಂದರೆ ಕಾಳುಕಡಿಯ ಮಾರುಕಟ್ಟೆಯಲ್ಲಿ, ನಾವು ಗೆಳೆಯರು ಸೇರಿ ಒಂದು ಕಿರುಚಿತ್ರ ಮಾಡಿದೆವು. ತೊಗರಿ ಮಾರುವ ಸಾಹುಕಾರನೊಬ್ಬನ ಕಳ್ಳದಂಧೆ, ಅವನ ಹತ್ತಿರ ಹಮಾಲನಾಗಿ ಸೇರಿಕೊಂಡ ಪೊಲೀಸ್. ಕತೆ ಇಷ್ಟೇ. ಹೇಗೆ ತೆಗೆಯಬೇಕು ಅನ್ನೋದನ್ನ ನಾನು ಕಲಿತದ್ದು 2002ರ ಹಾಂಕಾಂಗ್ ಸಿನಿಮಾ 'ಇನ್‌ಫರ್ನಲ್ ಅಫೇರ್ಸ್' ನೋಡಿ.

ನಿರ್ದೇಶಕರು ಆಂಡ್ರ್ಯೂ ಲಾವ್ ಮತ್ತು ಅಲನ್ ಮಾಕ್. ಲಾವ್ ಮೊದಲು ಕ್ಯಾಮೆರಾಮನ್, ಅದು ಪ್ರತಿ ಫ್ರೇಮಿನಲ್ಲೂ ಗೊತ್ತಾಗುತ್ತೆ. ಗ್ಯಾಂಗಿನಲ್ಲಿ ಪೊಲೀಸರ ಆಳು, ಪೊಲೀಸರಲ್ಲಿ ಗ್ಯಾಂಗಿನ ಆಳು. ಬೇರೆಯವರಾಗಿದ್ದರೆ ಗುಂಡಿನ ಸುರಿಮಳೆಯನ್ನೇ ಮಾಡಿಬಿಡುತ್ತಿದ್ದರು. ಇವರು ಬೆರಳು, ಕಣ್ಣು, ಮೊಬೈಲ್ ಇಷ್ಟರಲ್ಲೇ ಬೆವರಿಳಿಸುತ್ತಾರೆ. ಡ್ರಗ್ಸ್ ವ್ಯವಹಾರದ ದೃಶ್ಯದಲ್ಲಿ ಪೊಲೀಸರ ಆಳಾಗಿರುವ ನಟ ಟೋನಿ ಲಿಯುಂಗ್ ಬೆರಳಲ್ಲಿ ಕುಟ್ಟಿ ಮೋರ್ಸ್ ಸಂಕೇತ (ಗಿಡ್ಡ, ಉದ್ದ ಸದ್ದುಗಳಲ್ಲೇ ಅಕ್ಷರ ಹೇಳುವ ಭಾಷೆ) ಕಳಿಸುತ್ತಾನೆ. ಅದನ್ನು ಪೊಲೀಸ್ ಅಧಿಕಾರಿ ಹೆಡ್‌ಫೋನಿನಲ್ಲಿ ಕೇಳುವಾಗ, ಅದೇ ಕೋಣೆಯಲ್ಲಿರುವ ಗ್ಯಾಂಗಿನ ಆಳು, ನಟ ಆಂಡಿ ಲಾವ್, ಗ್ಯಾಂಗಿಗೆ ಸುದ್ದಿ ಮುಟ್ಟಿಸುತ್ತಾನೆ. ನಮಗೆ ಎರಡೂ ಗೊತ್ತು, ಅವರಿಗೆ ಗೊತ್ತಿಲ್ಲ. ಇದೇ ಕತೆಯ 'ದ ಡಿಪಾರ್ಟೆಡ್' ಮಾಡಿ ಮಾರ್ಟಿನ್ ಸ್ಕಾರ್ಸೇಸಿ ಆಸ್ಕರ್ ಗೆದ್ದರು. ಇರಲಿ, ಬಿಗಿ ವಿಷಯಕ್ಕೆ ಬಂದರೆ ನನಗೆ ಮೂಲವೇ ಜಾಸ್ತಿ ಇಷ್ಟ.

ನಮ್ಮ ಹಮಾಲ ಎಲ್ಲಿ ಕುಟ್ಟಬೇಕು? ತೊಗರಿ ಚೀಲಕ್ಕೆ ಕುಟ್ಟಿದರೆ ಸದ್ದೇ ಬರಲ್ಲ. ಲಾರಿಯ ಕಬ್ಬಿಣಕ್ಕೆ ಹಮಾಲರು ಚೀಲ ಎತ್ತುವ ಕೊಕ್ಕೆ ತಾಗಿಸಿದೆವು, ಟಕ್ ಟಕ್. ಹಗಲು ಗಂಜ್‌ನ ಗದ್ದಲದಲ್ಲಿ ಅದು ಕೇಳಲ್ವಲ್ಲ, ರಾತ್ರಿ ಬೇರೆಯಾಗಿ ರೆಕಾರ್ಡ್ ಮಾಡಿ ಕೂರಿಸಿದೆ. ಕೊಕ್ಕೆ ಕಡೆ ನೋಡಲೇಬೇಡ ಅಂತ ನಟನಿಗೆ ತಾಕೀತು. ಕೈ ಒಂದು ಶಾಟ್, ಕೇಳುವವನ ಮುಖ ಇನ್ನೊಂದು. ಎರಡನ್ನೂ ಒಂದೇ ಫ್ರೇಮಿನಲ್ಲಿ ತೋರಿಸಲಿಲ್ಲ. ಸಾಹುಕಾರನ ಫೋನ್ ಬರುತ್ತೆ: "ಎಲ್ಲಿ ಅದಿ?" "ಗಂಜ್‌ದಾಗ." "ಯಾರ ಜೋಡಿ?" ಉತ್ತರ ಇಲ್ಲ. ಕ್ಯಾಮೆರಾ ಹಮಾಲನ ಮುಖದ ಮೇಲೇ ನಿಂತಿರುತ್ತೆ.

'ಇನ್‌ಫರ್ನಲ್ ಅಫೇರ್ಸ್'ನ ಹೆಸರುವಾಸಿ ದೃಶ್ಯ ನಡೆಯೋದು ಕಟ್ಟಡದ ನೆತ್ತಿಯ ಮೇಲೆ, ಹಾಡುಹಗಲು, ಸುತ್ತ ಗಾಜಿನ ಗೋಪುರಗಳು. ನಮ್ಮಲ್ಲಿ ಮಾಳಿಗೆ ಮತ್ತು ಏಪ್ರಿಲ್ ಬಿಸಿಲು. ನಲವತ್ತು ಡಿಗ್ರಿ ದಾಟಿದ ಮೇಲೆ ಬೆವರಿಗೆ ಮೇಕಪ್ ಯಾಕೆ ಬೇಕು? ಶಹಾಬಾದ್ ಫರ್ಸಿಯ (ನೆಲಕ್ಕೆ ಹಾಸುವ ಕಲ್ಲಿನ) ಮೇಲೆ ಬಿದ್ದ ಬೆಳಕು ಕೆಳಗಿನಿಂದ ಗದ್ದಕ್ಕೆ ಹೊಡೆಯುತ್ತಿತ್ತು, ರಿಫ್ಲೆಕ್ಟರ್ ಖರ್ಚೂ ಉಳಿಯಿತು. ಪಕ್ಕದ ಮಾಳಿಗೆಯಲ್ಲಿ ಸಂಡಿಗೆ ಒಣಹಾಕುತ್ತಿದ್ದ ಅವ್ವ ಪಿಸ್ತೂಲಿನ ಹಿಂದೆಯೇ ಫ್ರೇಮಿಗೆ ಬಂದರು. ತೆಗೆದುಬಿಡು ಅಂತ ಎಡಿಟರ್ ಈಗಲೂ ಗೊಣಗುತ್ತಾನೆ. ನಾನು ತೆಗೆದಿಲ್ಲ.