ಕೀ ಮನೆಯೊಳಗಿದ್ದರೂ ಕಾರು ಹೋದೀತು: ತಡೆಯುವುದು ಹೇಗೆ?

ಚಿಕ್ಕಮಗಳೂರು ಕಡೆಯ ತೋಟದ ಮನೆಗಳಿಗೆ ಹೋದಾಗ ನನ್ನ ಕಣ್ಣು ಮೊದಲು ಹೋಗುವುದು ಮುಂಬಾಗಿಲ ಪಕ್ಕದ ಕೀ ಸ್ಟ್ಯಾಂಡಿಗೆ. ಅಂಗಳದಲ್ಲಿ ಅರ್ಧ ಕೋಟಿಯ ಗಾಡಿ, ಬಾಗಿಲಿಂದ ಒಂದು ಮೊಳ ಒಳಗೆ ಅದರ ಕೀ. ‘ನಾಯಿ ಇದೆಯಲ್ಲ, ಚಿಲಕ ಹಾಕಿದ್ದೀವಲ್ಲ’ ಅನ್ನುತ್ತಾರೆ. ಈಗಿನ ಕಳ್ಳರಿಗೆ ಚಿಲಕ ತೆಗೆಯುವ ಅಗತ್ಯವೇ ಇಲ್ಲ.

ಬಟನ್ ಸ್ಟಾರ್ಟ್ ಗಾಡಿಯ ಹಿಡಿಕೆ ಮುಟ್ಟಿದರೆ, ಕೀ ಹತ್ತಿರ ಇದೆಯೇ ಎಂದು ಅದು ಸಣ್ಣದೊಂದು ಸಿಗ್ನಲ್ ಕಳಿಸುತ್ತದೆ. ಒಂದೆರಡು ಮೀಟರ್ ದಾಟದ ಆ ಸಿಗ್ನಲ್ಲನ್ನು ಗಾಡಿಯ ಬಳಿ ಒಬ್ಬ, ಗೋಡೆಯ ಬಳಿ ಆಂಟೆನಾ ಹಿಡಿದ ಇನ್ನೊಬ್ಬ ಸೇರಿ ಒಳಗಿನ ಕೀಗೆ ದಾಟಿಸುತ್ತಾರೆ. ಕೀ ಉತ್ತರ ಕೊಡುತ್ತದೆ, ಬಾಗಿಲು ತೆರೆಯುತ್ತದೆ. ಒಮ್ಮೆ ಸ್ಟಾರ್ಟ್ ಆದ ಎಂಜಿನ್, ಕೀ ದೂರವಾಯಿತೆಂದು ನಿಲ್ಲುವುದಿಲ್ಲ.

ಮೊದಲ ಹೆಜ್ಜೆ: ಫ್ಯಾರಡೆ ಪೌಚ್, ಅಂದರೆ ಕೀಗೆ ಸಿಗ್ನಲ್ ತಲುಪದಂತೆ ತಡೆಯುವ ಪುಟ್ಟ ಚೀಲ. ಎಲ್ಲರೂ ಎಡವುವುದು ಇಲ್ಲೇ. ಹಾಸನದ ಸ್ನೇಹಿತರೊಬ್ಬರು ಪೌಚ್ ತರಿಸಿ ನಿಶ್ಚಿಂತೆಯಿಂದಿದ್ದರು. ಕೀ ಅದರಲ್ಲಿ ಹಾಕಿ, ಜೇಬಿಗಿಟ್ಟು, ಗಾಡಿ ಪಕ್ಕ ನಿಂತು ಹಿಡಿಕೆ ಎಳೆಯಿರಿ ಎಂದೆ. ಟಕ್ ಎಂದು ತೆರೆಯಿತು! ಅವರು ಕೀಯನ್ನು ಹೊರಗಿನ ಅರೆಗೆ ತುರುಕಿದ್ದರು. ಬೆಳ್ಳಿಬಣ್ಣದ ಲೋಹದ ಬಟ್ಟೆ ಇರುವುದು ಒಳಗಿನ ಅರೆಗೆ ಮಾತ್ರ. ಒಳಗಿಟ್ಟು, ಮುಚ್ಚಳ ಪೂರ್ತಿ ಮಡಚಿ ಅಂಟಿಸಿದ ಮೇಲೆ ಬಾಗಿಲು ಮಿಸುಕಲಿಲ್ಲ. ಮಡಿಕೆಯಲ್ಲಿ ಆ ಬಟ್ಟೆ ಸವೆದು ಬಿರಿಯುತ್ತದೆ. ಹಾಗಾಗಿ ತಿಂಗಳಿಗೊಮ್ಮೆ ಇದೇ ಪರೀಕ್ಷೆ ಮಾಡಿ, ಫೇಲಾದರೆ ಎಸೆದುಬಿಡಿ. ಬೀರುವಿನಲ್ಲಿರುವ ಎರಡನೇ ಕೀಗೂ ಪೌಚ್ ಬೇಕೇ ಬೇಕು. ಅದನ್ನು ಮರೆತರೆ ಮೊದಲನೆಯದಕ್ಕೆ ಹಾಕಿದ್ದೂ ದಂಡ. ಸ್ಟೀಲ್ ಡಬ್ಬಿ ಸಾಲದೇ ಎನ್ನುವವರಿದ್ದಾರೆ. ಮುಚ್ಚಳದ ಸಂದಿಯಿಂದ ಸಿಗ್ನಲ್ ನುಸುಳಬಹುದು, ಪರೀಕ್ಷಿಸದೆ ನಂಬಬೇಡಿ. ಮೈಕ್ರೋವೇವ್ ಒಳಗಂತೂ ಇಡಲೇಬೇಡಿ, ಗೊತ್ತಿಲ್ಲದೆ ಯಾರಾದರೂ ಆನ್ ಮಾಡಿದರೆ ಕೀ ಸುಟ್ಟುಹೋಗುತ್ತದೆ.

ಎರಡು: ಕೀಯನ್ನೇ ಮಲಗಿಸಬಹುದೇ ನೋಡಿ. ಟೊಯೋಟಾದ ಹಲವು ಗಾಡಿಗಳಲ್ಲಿ ಲಾಕ್ ಬಟನ್ ಒತ್ತಿ ಹಿಡಿದು ಅನ್‌ಲಾಕ್ ಎರಡು ಸಲ ಒತ್ತಿದರೆ ಕೀ ಸಿಗ್ನಲ್‌ಗೆ ಓಗೊಡುವುದನ್ನು ನಿಲ್ಲಿಸುತ್ತದೆ. ನಿಮ್ಮ ಗಾಡಿಯ ಕ್ರಮ ಮ್ಯಾನ್ಯುಯಲ್‌ನಲ್ಲಿರುತ್ತದೆ.

ಮೂರು: ಸ್ಟೀರಿಂಗ್‌ಗೆ ಕಣ್ಣಿಗೆ ಹೊಡೆಯುವ ಬಣ್ಣದ, ದಪ್ಪ ಕಬ್ಬಿಣದ ಲಾಕ್. ಅಂದ ಕೆಡುತ್ತದೆ ಎನ್ನಬೇಡಿ, ಹೊರಗಿನವನಿಗೆ ಕಾಣಲೆಂದೇ ಅದು ಇರುವುದು. ಸ್ಟೀರಿಂಗ್ ಕೆಳಗಿನ ಒಬಿಡಿ ಪೋರ್ಟಿಗೂ (ಮೆಕ್ಯಾನಿಕ್ ತನ್ನ ಕಂಪ್ಯೂಟರ್ ಜೋಡಿಸುವ ಕಿಂಡಿ) ಬೀಗ ಹಾಕಿಸಿ. ಹೊಸ ಕೀ ಜೋಡಿಸುವ ಯಂತ್ರ ಸಿಕ್ಕಿಸುವುದು ಅಲ್ಲಿಗೇ.

ನಾಲ್ಕು: ಜಿಪಿಎಸ್ ಟ್ರ್ಯಾಕರ್. ಅದರ ಸಿಮ್ ರೀಚಾರ್ಜ್ ಮಾಡುವುದನ್ನು ಮರೆಯಬೇಡಿ. ಚಾರ್ಮಾಡಿ ಘಾಟಿಯಂಥ ಕಡೆ ನೆಟ್‌ವರ್ಕ್ ಕಡಿದರೆ ಗಾಡಿ ಎಲ್ಲಿದೆಯೆಂದು ಸ್ವಲ್ಪ ಹೊತ್ತು ತೋರಿಸುವುದಿಲ್ಲ. ಅದನ್ನೊಂದೇ ನೆಚ್ಚಿಕೊಂಡು ಕೂರಬೇಡಿ.

ಐದು: ಹೊಸ ಗಾಡಿಗೆ ಇನ್ಶೂರೆನ್ಸ್ ಮಾಡಿಸುವಾಗಲೇ ‘ರಿಟರ್ನ್ ಟು ಇನ್‌ವಾಯ್ಸ್’ ಸೇರಿಸಿಕೊಳ್ಳಿ. ಗಾಡಿ ಕಳುವಾದರೆ ಸವಕಳಿ ಕಳೆಯದೆ ಬಿಲ್ಲಿನ ಬೆಲೆ ಕೊಡುವ ಸೌಲಭ್ಯ ಅದು. ಗಾಡಿ ಹೋದರೆ ತಕ್ಷಣ 112ಕ್ಕೆ ಕರೆ ಮಾಡಿ, ಎಫ್‌ಐಆರ್ ಮಾಡಿಸಿ, ಇನ್ಶೂರೆನ್ಸ್‌ನವರಿಗೆ ಅಂದೇ ತಿಳಿಸಿ. ಕ್ಲೇಮ್ ವೇಳೆ ಎರಡೂ ಕೀ ಕೇಳುತ್ತಾರೆ. ಒಂದು ಈಗಾಗಲೇ ಕಳೆದಿದ್ದರೆ ಇವತ್ತೇ ದೂರು ಕೊಟ್ಟು, ಇನ್ಶೂರೆನ್ಸ್‌ಗೂ ಬರೆದು ತಿಳಿಸಿ, ಸರ್ವೀಸ್ ಸೆಂಟರ್‌ನಲ್ಲಿ ಆ ಕೀಯನ್ನು ಗಾಡಿಯಿಂದ ಅಳಿಸಿಸಿ.