ಸುಕ್ಕಿಗೆ ಸಿಲಿಕೋನ್ ಅಚ್ಚು: ನನ್ನ ಅನುಭವ

ಕ್ರೀಮ್ ಹಚ್ಚಿದರೆ ಕಣ್ಣಂಚಿನ ಸುಕ್ಕು ಎಷ್ಟು ತಗ್ಗುತ್ತದೆಂದು ಸಿಲಿಕೋನ್ ಅಚ್ಚಿನಿಂದಲೇ (ಚರ್ಮದ ಮೇಲೆ ಹರಡಿ, ಗಟ್ಟಿಯಾದ ಮೇಲೆ ಕಿತ್ತ ಪಡಿಯಚ್ಚು) ಅಳೆಯುತ್ತೇನೆಂದು ನಾನು ಹೊರಟಾಗ ಬೆಂಗಳೂರಿನ ನನ್ನ ಸಹೋದ್ಯೋಗಿಗಳು ನಕ್ಕಿದ್ದರು. ತ್ರೀಡಿ ಕ್ಯಾಮೆರಾಗಳ ಕಾಲದಲ್ಲಿ ಹಲ್ಲಿನ ಡಾಕ್ಟರರ ಹಾಗೆ ಅಚ್ಚು ತೆಗೆಯುತ್ತ ಕೂರುವವರು ಯಾರು ಎಂಬುದು ಅವರ ಮಾತು. ಅಂಥ ಕ್ಯಾಮೆರಾ ಕೊಳ್ಳುವ ಶಕ್ತಿ ನನಗಿರಲಿಲ್ಲ. ಕೈಯಲ್ಲಿದ್ದ ಸುಮಾರು ನಾಲ್ಕು ಲಕ್ಷದಲ್ಲಿ ಹೆಚ್ಚಿನ ಪಾಲು ಚರ್ಮದ ತೇವಾಂಶ ಅಳೆಯುವ ಹಳೆಯ ಕಾರ್ನಿಯೋಮೀಟರಿಗೂ ಕೋಣೆಯ ಎ.ಸಿ.ಗೂ ಹೋಗಿತ್ತು.

ಮೊದಲ ಪರೀಕ್ಷೆ ಮಣ್ಣುಪಾಲಾಯಿತು. ನಡುವಯಸ್ಸಿನ ಮೂವತ್ತು ಮಹಿಳೆಯರು, 12 ವಾರ, ರೆಟಿನಾಲ್ (ಸುಕ್ಕಿಗೆಂದು ಬಳಸುವ ವಿಟಮಿನ್ ಎ) ಇರುವ ರಾತ್ರಿ ಕ್ರೀಮ್. ಮಾರ್ಚ್‌ನ ಒಣಹವೆಯಲ್ಲಿ ಆರಂಭಿಸಿ ಜೂನ್ ಮಳೆಯಲ್ಲಿ ಮುಗಿಸಿದೆ. ಬಹುತೇಕ ಎಲ್ಲರ ಚರ್ಮದ ತೇವಾಂಶವೂ ಏರಿತ್ತು, ಸಣ್ಣ ಗೆರೆಗಳು ತಗ್ಗಿದ್ದವು, ಕ್ರೀಮಿನವರು ಹಿಗ್ಗಿದರು. ಆದರೆ ಉಪಕರಣಕ್ಕೆ ಕೈ ಪಳಗಲೆಂದು ಮಾರ್ಚ್‌ನಲ್ಲಿ ನಮ್ಮ ಕಚೇರಿಯ ಇಬ್ಬರ ಕೆನ್ನೆಯ ರೀಡಿಂಗನ್ನು ಬರೆದಿಟ್ಟಿದ್ದೆ. ಯಾವ ಕ್ರೀಮನ್ನೂ ಹಚ್ಚದ ಅವರ ರೀಡಿಂಗ್ ಕೂಡ ಹೆಚ್ಚುಕಡಿಮೆ ಅಷ್ಟೇ ಏರಿತ್ತು. ಮೂರು ತಿಂಗಳು ನಾನು ಮುಂಗಾರನ್ನು ಅಳೆದಿದ್ದೆ ಎಂದಾಯಿತು. ಪ್ರಯಾಣ ಭತ್ಯೆ, ಎಥಿಕ್ಸ್ ಸಮಿತಿಯ ಶುಲ್ಕ ಎಲ್ಲ ಸೇರಿ ಒಂದೂವರೆ ಲಕ್ಷ ನೀರಿಗೆ ಬಿತ್ತು.

ಎರಡನೇ ಸಲ ಮುಖವನ್ನೇ ಎರಡು ಪಾಲು ಮಾಡಿದೆ: ಒಂದು ಕಡೆ ಕ್ರೀಮ್, ಇನ್ನೊಂದು ಕಡೆ ರೆಟಿನಾಲ್ ಇಲ್ಲದ ಅದರದೇ ಬೇಸ್. ಕೋಣೆ 21 ಡಿಗ್ರಿ, ತೇವಾಂಶ ಶೇ. 50ರ ಆಸುಪಾಸು, ಮುಖ ತೊಳೆದ ಮೇಲೆ ಅರ್ಧ ಗಂಟೆ ಕೂರಿಸುವುದು, ಫ್ಯಾನ್ ಬಂದ್. ಎರಡನೇ ಮಹಡಿಗೆ ಮೆಟ್ಟಿಲು ಹತ್ತಿ ಬೆವರಿದವರ ಚರ್ಮದಿಂದ ಆವಿಯಾಗುವ ನೀರನ್ನು ಒಡನೆಯೇ ಅಳೆದರೆ ಆ ಅಂಕಿ ಯಾವುದಕ್ಕೂ ಬಾರದು.

ಇಲ್ಲೇ ಅಚ್ಚಿನ ಬೆಲೆ ತಿಳಿದದ್ದು. ರೆಟಿನಾಲ್ ಹಚ್ಚಿದ ಕೆನ್ನೆ ಹಲವರಲ್ಲಿ ಎರಡು-ಮೂರನೇ ವಾರಕ್ಕೆ ಕೆಂಪಾಗಿ ಹೊಟ್ಟೇಳುತ್ತದೆ. ಚೀಟಿ ಎತ್ತಿ ಎಷ್ಟು ಗುಟ್ಟಾಗಿ ಹಂಚಿದ್ದರೂ ಯಾವ ಕಡೆಗೆ ಏನು ಎಂಬುದು ಮುಖ ನೋಡಿದವರಿಗೆಲ್ಲ ತಿಳಿದುಬಿಡುತ್ತದೆ, ಸುಕ್ಕಿಗೆ ಅಂಕ ಕೊಡುವ ವೈದ್ಯರ ಕಣ್ಣು ತಾನಾಗಿಯೇ ಆ ಕಡೆಗೆ ವಾಲುತ್ತದೆ. ಅಚ್ಚಿಗೆ ಕೆಂಪು ಹತ್ತುವುದಿಲ್ಲ. ಸಂಖ್ಯೆ ಬರೆದ ಡಬ್ಬಿಯಲ್ಲಿಟ್ಟು, ಮುಖವನ್ನೇ ಕಾಣದವರ ಕೈಗೆ ಕೊಟ್ಟು, 35 ಡಿಗ್ರಿಯ ಓರೆ ಬೆಳಕಿನಲ್ಲಿ ಫೋಟೋ ತೆಗೆದು ಸುಕ್ಕಿನ ಗುರುತು ಬೀಳಿಸುವ ನೆರಳನ್ನು ಅಳೆಸಿದೆ. ಸಾಫ್ಟ್‌ವೇರ್ ಇಮೇಜ್‌ಜೆ, ಖರ್ಚಿಲ್ಲ.

ಸುಲಭವೇನೂ ಆಗಿರಲಿಲ್ಲ. ಸಿಲಿಕೋನ್ ಗಟ್ಟಿಯಾಗುವ ನಾಲ್ಕೈದು ನಿಮಿಷದಲ್ಲಿ ಒಬ್ಬರು ನಕ್ಕರೆ ಆ ಅಚ್ಚು ಕಸಕ್ಕೆ. ಗುಳ್ಳೆ ಸೇರಿದರೆ ಅದು ಗುಂಡಿಯಂತೆಯೋ ಉಬ್ಬಿನಂತೆಯೋ ಲೆಕ್ಕಕ್ಕೆ ಬರುತ್ತದೆ. ಮೊದಲ ತಿಂಗಳು ಮೂರರಲ್ಲೊಂದು ಅಚ್ಚನ್ನು ಎಸೆದಿದ್ದೇನೆ. ಗುಳ್ಳೆಯನ್ನು ಹೇಗೆ ನಿಲ್ಲಿಸಿದೆ ಎಂಬುದನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಪ್ರತಿ ಸಲವೂ ಅದೇ ಜಾಗ ಹಿಡಿಯಲು ಕಣ್ಣಿನ ಮೂಲೆ, ಮಚ್ಚೆಗಳನ್ನು ಪಾರದರ್ಶಕ ಹಾಳೆಯಲ್ಲಿ ಗುರುತಿಸಿಟ್ಟೆ. ಒಂದೇ ಕಣ್ಣಂಚನ್ನು ಒಂದೇ ದಿನ ಮೂರು ಸಲ ಅಳೆದರೆ ಮೊದಲು ಐದರಲ್ಲೊಂದು ಪಾಲು ವ್ಯತ್ಯಾಸ ಬರುತ್ತಿತ್ತು, ಈಗ ನೂರಕ್ಕೆ ಆರೇಳು. ಕ್ಯಾಮೆರಾ ಇರುವವರು ತಮ್ಮ ಅಂಕಿಯನ್ನೂ ಒಮ್ಮೆ ಹೀಗೆ ನೋಡಿಕೊಳ್ಳಲಿ.

ಬಣ್ಣದ ಅಳತೆಯಲ್ಲಿ ಬೇರೆಯೇ ಪೇಚು. ಎಂಟನೇ ವಾರದ ಭೇಟಿಯಲ್ಲಿ ಕಲರಿಮೀಟರಿನ ಹಳದಿ ಅಂಶ, ಅಂದರೆ ಬಿ-ಸ್ಟಾರ್, ಹತ್ತಾರು ಮಂದಿಯಲ್ಲಿ ಎರಡೂ ಕೆನ್ನೆಯ ಮೇಲೆ ಏರಿತ್ತು. ಉಪಕರಣ ಕೆಟ್ಟಿತೆಂದು ಬಿಳಿ ಟೈಲ್ ಇಟ್ಟು ಎರಡು ಸಲ ಕ್ಯಾಲಿಬ್ರೇಟ್ ಮಾಡಿದೆ. ಆಮೇಲೆ ಒಬ್ಬರ ಗಲ್ಲದಂಚಿನಲ್ಲಿ ಅರಿಶಿನ ಕಂಡಿತು: ಹಿಂದಿನ ದಿನ ವರಮಹಾಲಕ್ಷ್ಮಿ ಹಬ್ಬ!

ನಡುವೆ ಉಳಿದ ಸಿಲಿಕೋನಿನಲ್ಲಿ ಒಂಬತ್ತು ಕ್ಯಾಬ್ ಚಾಲಕರ ಎರಡೂ ಕಣ್ಣಂಚಿನ ಅಚ್ಚು ತೆಗೆದೆ. ಪಕ್ಕದ ಕಿಟಕಿಯ ಗಾಜು ಬಿಸಿಲಿನ ಯುವಿಬಿ ಕಿರಣವನ್ನು ಬಹುಪಾಲು ತಡೆದರೂ ಸುಕ್ಕು ತರುವ ಯುವಿಎ ಕಿರಣ ಒಳಗೆ ಬರುವುದರಿಂದ ಕಿಟಕಿಯ ಕಡೆಯ, ಅಂದರೆ ಬಲಗಡೆಯ ಸುಕ್ಕು ಆಳವಿರಬೇಕೆಂದು ಎಣಿಸಿದ್ದೆ. ಆರು ಜನರಲ್ಲಿ ಹಾಗೇ ಇತ್ತು. ಒಬ್ಬರಲ್ಲಿ ಎಡಗಡೆಯೇ ಆಳ. ವಿಚಾರಿಸಿದರೆ ಅವರು ರಾತ್ರಿಪಾಳಿಯವರು.

ಕೊನೆಗೆ ಕ್ರೀಮಿನ ಕಡೆ ಸುಕ್ಕು ಶೇ. 14ರಷ್ಟು, ಬರೀ ಬೇಸ್ ಕಡೆ ಶೇ. 8ರಷ್ಟು ತಗ್ಗಿತು. ಬೇಸಿನ ತೇವವೇ ಅರ್ಧಕ್ಕಿಂತ ಹೆಚ್ಚು ಕೆಲಸ ಮಾಡಿತ್ತು. ಕಂಪನಿಯವರು ಹದಿನಾಲ್ಕನ್ನಷ್ಟೇ ಬರೆಯಿರಿ ಎಂದರು, ನಾನು ಎರಡನ್ನೂ ಬರೆದೆ. ಕೊನೆಯ ಕಂತು ನಾಲ್ಕು ತಿಂಗಳು ತಡವಾಗಿ ಬಂತು. ನಕ್ಕಿದ್ದವರಲ್ಲಿ ಇಬ್ಬರು ಈಗ ಅಚ್ಚು ತೆಗೆಯಲು ನನ್ನನ್ನೇ ಕರೆಯುತ್ತಾರೆ. ಮುಂದಿನ ಪರೀಕ್ಷೆಯನ್ನು ದೀಪಾವಳಿ ಕಳೆದ ಮೇಲೆ ಇಟ್ಟುಕೊಂಡಿದ್ದೇನೆ. ಸಂಕ್ರಾಂತಿಗೆ ಮೂರು ದಿನ ಮೊದಲೇ ಎಲ್ಲರಿಗೂ ಫೋನ್ ಮಾಡಿ, ಅರಿಶಿನವನ್ನು ಕೈಗಷ್ಟೇ ಹಚ್ಚಿಕೊಳ್ಳಿ ಎಂದು ಹೇಳಬೇಕು.