ಪೂರ್ತಿ ಮುಚ್ಚಿದ ವೇನೇ ವಾಸಿ

ಸ್ಕ್ಯಾನ್ ವರದಿಯಲ್ಲಿ ‘ಐವಿಸಿ ಪೂರ್ತಿ ಮುಚ್ಚಿದೆ’ ಎಂದಿದ್ದರೆ ಮನೆಯವರು ಬೆದರುತ್ತಾರೆ. ಸರ್ಜನ್ ಆದ ನನಗೆ ಮಾತ್ರ ಸ್ವಲ್ಪ ನಿರಾಳ.

ಕಾಲು, ಕಿಡ್ನಿ, ಲಿವರ್‌ಗಳ ರಕ್ತವನ್ನು ಹೃದಯಕ್ಕೆ ಒಯ್ಯುವ ದೊಡ್ಡ ವೇನ್ (ರಕ್ತನಾಳ) ಈ ಐವಿಸಿ, ಅಂದರೆ ಇನ್ಫೀರಿಯರ್ ವೇನಾ ಕೇವಾ. ಇದರ ಗೋಡೆಯ ಸ್ನಾಯುವಿನಲ್ಲೇ ಹುಟ್ಟುವ ಕ್ಯಾನ್ಸರ್ ಲಿಯೋಮಯೋಸಾರ್ಕೋಮಾ. 1871ರಲ್ಲೇ ಮೊದಲ ವರದಿ ಬಂದಿತ್ತು. ಆದರೂ ಹೆಚ್ಚಿನ ಸರ್ಜನ್‌ಗಳು ಇದನ್ನು ನೋಡುವುದು ತೀರಾ ಅಪರೂಪ. ಹೆಂಗಸರಲ್ಲೇ ಜಾಸ್ತಿ.

ನನ್ನ ಹತ್ತಿರ ಬಂದಿದ್ದ ಒಬ್ಬರಿಗೆ ಹೊಟ್ಟೆಯ ಬಲಭಾಗದಲ್ಲಿ ಮಂದ ನೋವು, ಅಷ್ಟೇ. ಕಾಲು ಊದಿರಲಿಲ್ಲ. “ಇಷ್ಟು ದೊಡ್ಡ ನಾಳ ಬ್ಲಾಕ್ ಆಗಿದ್ರೂ ಅಮ್ಮ ಹೇಗೆ ಓಡಾಡ್ತಿದ್ದಾರೆ ಸಾರ್?” ಎಂದರು ಮಗ. ಗಡ್ಡೆ ನಿಧಾನವಾಗಿ ಬೆಳೆದರೆ ರಕ್ತ ಬೆನ್ನುಮೂಳೆ ಪಕ್ಕದ ಸಣ್ಣ ವೇನ್‌ಗಳಲ್ಲಿ ದಾರಿ ಮಾಡಿಕೊಳ್ಳುತ್ತದೆ. ಅರ್ಧ ಮುಚ್ಚಿದ ವೇನ್‌ನಲ್ಲಿ ಆ ದಾರಿ ಇನ್ನೂ ತಯಾರಾಗಿರುವುದಿಲ್ಲ. ಅಲ್ಲಿ ಕ್ಲಾಂಪ್ (ರಕ್ತ ತಡೆಯುವ ಚಿಮಟ) ಹಾಕಿದ ಕೂಡಲೇ ಬಿಪಿ ಕುಸಿಯಬಹುದು.

ಬಯಾಪ್ಸಿ ಮೊದಲೇ ಆಗಿತ್ತು. ಹೊಟ್ಟೆ ತೆರೆದು, ಡ್ಯುಯೋಡಿನಂ (ಸಣ್ಣ ಕರುಳಿನ ಮೊದಲ ಭಾಗ) ಮತ್ತು ಬಲಗಡೆಯ ದೊಡ್ಡ ಕರುಳನ್ನು ಎಡಕ್ಕೆ ಸರಿಸಿದೆವು. ಗಡ್ಡೆಯ ಮೇಲೆ, ಕೆಳಗೆ, ಎರಡೂ ಕಿಡ್ನಿ ವೇನ್‌ಗಳ ಸುತ್ತ ಟೇಪ್ ಹಾಕಿದೆವು. ಹಿಂಭಾಗದಲ್ಲಿ ಬೆನ್ನಿನ ಕಡೆಯಿಂದ ಐವಿಸಿಗೆ ಸೇರುವ ಲಂಬಾರ್ ವೇನ್‌ಗಳೇ ನಿಜವಾದ ತಲೆನೋವು. ಒಂದು ಜಾರಿದರೂ ರಕ್ತದಲ್ಲಿ ಏನೂ ಕಾಣುವುದಿಲ್ಲ.

ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಟ್ಟು, ಕತ್ತರಿಸುವ ಮೊದಲು ಸುಮ್ನೆ ಕ್ಲಾಂಪ್ ಹಾಕಿ ಕಾದೆವು. ಬಿಪಿ ಸ್ವಲ್ಪ ಇಳಿದು ನಿಂತಿತು. ನಾನು ಮೂತ್ರದ ಚೀಲವನ್ನೇ ನೋಡುತ್ತಿದ್ದೆ. ಮೂತ್ರ ಬರುತ್ತಲೇ ಇತ್ತು, ಅಂದರೆ ಕಿಡ್ನಿ ಕೆಲಸ ಮಾಡುತ್ತಿತ್ತು.

ಬಲ ಕಿಡ್ನಿ ಗಡ್ಡೆಗೆ ಅಂಟಿತ್ತು, ಜೊತೆಗೇ ತೆಗೆದೆವು. ಎಡ ಕಿಡ್ನಿಯ ವೇನ್ ಅನ್ನು ಐವಿಸಿಯ ಹತ್ತಿರವೇ ಕಟ್ಟಿದೆವು. ಅಂಡಾಶಯ, ಅಡ್ರೀನಲ್ ಕಡೆಯ ಕವಲುಗಳು ಅದಕ್ಕೆ ಇರುವುದರಿಂದ ರಕ್ತ ಅತ್ತ ಹರಿದುಹೋಗುತ್ತದೆ. ಬಲಗಡೆಗೆ ಈ ಅನುಕೂಲ ಇಲ್ಲ. ಆ ಕಿಡ್ನಿ ಉಳಿಸಬೇಕಿದ್ದರೆ ವೇನ್ ಅನ್ನು ಮತ್ತೆ ಜೋಡಿಸಲೇಬೇಕಿತ್ತು.

“ಗ್ರಾಫ್ಟ್ ಹಾಕೋಣ್ವಾ ಸಾರ್?” ಎಂದರು ಜೂನಿಯರ್. ತೆಗೆದ ವೇನ್‌ಗೆ ಬದಲಾಗಿ ಜೋಡಿಸುವ ಪಿಟಿಎಫ್‌ಇ ಎಂಬ ಕೃತಕ ಕೊಳವೆ ಟೇಬಲ್ ಮೇಲೆ ಸಿದ್ಧವಿತ್ತು. ಬೇಡ ಎಂದೆ. ಅದು ಹೆಪ್ಪುಗಟ್ಟಬಹುದು, ಸೋಂಕು ತಗಲಬಹುದು. ಮೇಲೆಯೇ ಡ್ಯುಯೋಡಿನಂ ಬೇರೆ ಕೂತಿರುತ್ತದೆ. ಹಾಕುವುದಾದರೆ ಎರಡೂ ತಾಗದಂತೆ ನಡುವೆ ಒಮೆಂಟಂ (ಹೊಟ್ಟೆಯೊಳಗಿನ ಕೊಬ್ಬಿನ ಪದರ) ಹೊದಿಸಲೇಬೇಕು. ಎಲ್ಲರಿಗೂ ಗ್ರಾಫ್ಟ್ ಹಾಕುವವರೂ ಇದ್ದಾರೆ. ದಾರಿ ತಾನೇ ಆಗಿರುವಾಗ ನಾನು ಹಾಕುವುದಿಲ್ಲ. ಎರಡೂ ತುದಿ ಹೊಲಿದು ಮುಚ್ಚಿದೆವು.

ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್ ಕೆಲವು ದಿನ ಏರಿ ಇಳಿಯಿತು. ಕಾಲು ಕೊಂಚ ಊದಿತು, ಸ್ಟಾಕಿಂಗ್ಸ್ ಸಾಕಾಯಿತು. ಕತ್ತರಿಸಿದ ಅಂಚುಗಳಲ್ಲಿ ಕ್ಯಾನ್ಸರ್ ಇರಲಿಲ್ಲ. ಆದರೆ ಈ ಗಡ್ಡೆ ಶ್ವಾಸಕೋಶಕ್ಕೆ ಹೋಗುವುದು ಹೆಚ್ಚು. ಹಾಗಾಗಿ ಎದೆಯ ಸಿಟಿ ಸ್ಕ್ಯಾನ್ ತಪ್ಪಿಸಬೇಡಿ ಎಂದು ಪ್ರತಿ ಸಲವೂ ಹೇಳಿ ಕಳಿಸುತ್ತೇನೆ.